ಕರೆಂಟ್ ಗಾಡಿಗೊಬ್ಬ ಬಡವ

ಆಸ್ಪತ್ರೆಯ ಏರಿನಲ್ಲಿ ತರಕಾರಿಯಮ್ಮ ತನ್ನನ್ನು ಹಿಂದೆ ಹಾಕಿದ ಬೆಳಿಗ್ಗೆಯೇ ಲಾಂಡ್ರಿ ಯಜಮಾನನ ತಲೆಯೊಳಗೆ ಅಪರಾಧದ ಮೊದಲ ಮೊಳಕೆ ಒಡೆಯಿತು.

ಹಿಂದೆ ಹಾಕಿದ್ದೇನೂ ದೊಡ್ಡ ವಿಷಯವಲ್ಲ. ಆ ಏರಿನಲ್ಲಿ ಅವನ ಮೂರು ಚಕ್ರದ ಗೂಡ್ಸ್ ಗಾಡಿಯನ್ನು ಸೈಕಲ್ಲುಗಳು ಹಿಂದೆ ಹಾಕುತ್ತವೆ. ಕೋಲೂರಿಕೊಂಡು ಹೋಗುವ ಮುದುಕರೂ ಒಂದೆರಡು ಸಲ ಹಿಂದೆ ಹಾಕಿದ್ದಾರೆ. ಹದಿನೈದು ವರ್ಷದ ಪೆಟ್ರೋಲ್ ಗಾಡಿ ಅದು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕೆಮ್ಮಲು ಶುರು ಮಾಡಿ, ಬೀದಿಯ ಕೊನೆ ಮನೆಯವರು ಕಿಟಕಿ ಮುಚ್ಚುವವರೆಗೂ ಕೆಮ್ಮುತ್ತದೆ. ಆಸ್ಪತ್ರೆಯ ಇನ್ನೂರು ಹಾಸಿಗೆ ಬಟ್ಟೆ ಹೇರಿದ ದಿನವಂತೂ ಏರಿನ ಅರ್ಧದಲ್ಲಿ ನಿಂತು, ಮುಂದೆ ಹೋಗಬೇಕೋ ಬೇಡವೋ ಎಂದು ಯೋಚನೆಗೆ ಬೀಳುತ್ತದೆ. ಅವನಿಗೆ ಅದೆಲ್ಲ ಅಭ್ಯಾಸವಾಗಿತ್ತು. ಅವನನ್ನು ನೋಯಿಸಿದ್ದು ತರಕಾರಿಯಮ್ಮ ಹಿಂದೆ ಹಾಕಿದ ರೀತಿ. ಮೊನ್ನೆ ಮೊನ್ನೆಯವರೆಗೆ ತಳ್ಳುಗಾಡಿ ತಳ್ಳುತ್ತಿದ್ದವಳು, ಹೊಚ್ಚಹೊಸ ಹಸಿರು ಕರೆಂಟ್ ಗಾಡಿಯಲ್ಲಿ, ಬೆನ್ನ ಹಿಂದೆ ಕೋಸಿನ ಮೂಟೆ ಹೇರಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಪಕ್ಕಕ್ಕೆ ಬಂದಳು. ಬಂದವಳು ತನ್ನ ಪಾಡಿಗೆ ತಾನು ಹೋಗಬಹುದಿತ್ತು. ಹೋಗಲಿಲ್ಲ. ವೇಗ ಇಳಿಸಿ, ಕತ್ತು ಹೊರಗೆ ಚಾಚಿ, ತುಂಬ ಕಳಕಳಿಯಿಂದ ಕೇಳಿದಳು:

"ಅಣ್ಣಾ, ಹಗ್ಗ ಇದೆಯಾ? ಕಟ್ಟಿ ಕೊಟ್ರೆ ಮೇಲಿನ ತನಕ ಎಳ್ಕೊಂಡು ಹೋಗ್ತೀನಿ."

"ಬೇಡಮ್ಮಾ. ಎಂಜಿನ್ ಸ್ವಲ್ಪ ಬಿಸಿಯಾಗ್ಲಿ ಅಂತ ನಾನೇ ನಿಲ್ಸಿದ್ದೀನಿ."

"ಹೊಗೆ ನೋಡಿದ್ರೆ ಆಗಿರೋ ಹಾಗೇ ಇದೆ ಅಣ್ಣಾ," ಎಂದು ಹೇಳಿ, ಬಂದ ಹಾಗೆಯೇ ಸದ್ದಿಲ್ಲದೆ ಏರು ಹತ್ತಿ ಮರೆಯಾದಳು.

ಸಂಜೆ ಅವಳ ಗಾಡಿಯ ಮುಂದೆ ನಿಂತು, ತನಗೆ ಬೇಡವಾದ ಬದನೆಕಾಯಿಗಳನ್ನು ಒಂದೊಂದಾಗಿ ಹಿಚುಕಿ ನೋಡುತ್ತಾ ಅವನು ವಿಚಾರ ತೆಗೆದ. ಅವಳಿಗೋ ಹೇಳಿಕೊಳ್ಳುವ ಉಮೇದು. ನಗರಸಭೆಯದೊಂದು ಯೋಜನೆಯಂತೆ. ಕಡಿಮೆ ಆದಾಯದವರಿಗೆ ಮೂರರಲ್ಲೊಂದು ಪಾಲು ಬೆಲೆಗೆ ಗಾಡಿ. ರಾತ್ರಿ ಮನೆಯಲ್ಲೇ ಫೋನಿಗೆ ಹಾಕಿದ ಹಾಗೆ ಚಾರ್ಜಿಗೆ ಹಾಕಿದರೆ ಸಾಕು, ಮರುದಿನ ಪೂರ್ತಿ ಓಡುತ್ತದೆ. ಪೆಟ್ರೋಲ್ ಬಂಕಿನ ಮುಂದೆ ಹೋಗುವಾಗ ಅವಳೀಗ ಬೇಕೆಂದೇ ನಿಧಾನಕ್ಕೆ ಹೋಗುತ್ತಾಳಂತೆ.

"ನನಗೂ ಒಂದು ಸಿಗಬಹುದೇನಮ್ಮಾ?"

ತರಕಾರಿಯಮ್ಮ ನಕ್ಕುಬಿಟ್ಟಳು. "ಅಯ್ಯೋ ಅಣ್ಣಾ, ಅದು ನಮ್ಮಂಥ ಬಡವ್ರಿಗೆ. ನಿಮ್ಮಂಥವ್ರಿಗೆ ಎಲ್ಲಿ ಕೊಡ್ತಾರೆ?"

ಬಡವರಿಗೆ ಮಾತ್ರ ಎಂಬ ಆ ಮಾತು ಅವನ ಎದೆಗೆ ನಾಟಿತು. ಜೀವನದಲ್ಲಿ ಯಾವುದನ್ನೂ ಅವನು ಪೂರ್ತಿ ಬೆಲೆ ಕೊಟ್ಟು ತಂದವನಲ್ಲ. ಅಂಥವನಿಗೆ ಕಡಿಮೆ ಬೆಲೆಯ ಸಾಮಾನೊಂದು ಕಣ್ಣ ಮುಂದೆಯೇ ಓಡಾಡುತ್ತಿದ್ದು, ಅದನ್ನು ಮುಟ್ಟುವ ಹಾಗಿಲ್ಲ ಎಂದರೆ ಯಾವ ನ್ಯಾಯ?

ಮರುದಿನವೇ ನಗರಸಭೆಯ ಎರಡನೇ ಮಹಡಿ ಹತ್ತಿ ಯೋಜನೆಯ ಪುಸ್ತಿಕೆ ತಂದ. ಹದಿನಾಲ್ಕು ಪುಟ. ಶಾಲೆ ಬಿಟ್ಟ ಮೇಲೆ ಅವನು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಪುಸ್ತಕ ಅದು. ಮೂರು ಸಲ ಓದಿದ. ಅರ್ಜಿದಾರನ ಹೆಸರಿನಲ್ಲಿ ಮನೆ ಇರಬಾರದು, ವ್ಯಾಪಾರ ಇರಬಾರದು, ಬೇರೆ ಗಾಡಿ ಇರಬಾರದು. ವಾಸ ಸಣ್ಣ ಮನೆಯಲ್ಲಿರಬೇಕು. ಕಚೇರಿಯವರು ಮನೆಗೇ ಬಂದು ನೋಡುತ್ತಾರೆ. ಸುಳ್ಳು ಹೇಳಿದ್ದು ಗೊತ್ತಾದರೆ ಅರ್ಜಿ ವಜಾ. ಅಷ್ಟೇ ಅಲ್ಲ, ಆತ ನಡೆಸುತ್ತಿರುವ ಅಂಗಡಿ ಯಾರ ಹೆಸರಿನಲ್ಲಿದ್ದರೂ ಅದರ ಪರವಾನಗಿ ರದ್ದು. ಈ ಕೊನೆಯ ಸಾಲು ಹದಿನಾಲ್ಕನೇ ಪುಟದ ಬುಡದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಪರವಾನಗಿ ಹೋದರೆ ಆಸ್ಪತ್ರೆಯ ಬಟ್ಟೆ ಹೋಯಿತು. ಆಸ್ಪತ್ರೆಯ ಬಟ್ಟೆ ಹೋದರೆ ಲಾಂಡ್ರಿಯ ಬಾಗಿಲು ಹಾಕಿದಂತೆಯೇ. ಅವನು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮತ್ತೆ ಒಂದನೇ ಪುಟಕ್ಕೆ ಹೋದ. ಅದು ಸಿಕ್ಕಿಬೀಳುವವರಿಗಾಗಿ ಬರೆದ ಸಾಲು.

ಆ ಮೂರನೇ ಓದಿನಲ್ಲಿ ಅವನಿಗೊಂದು ಸತ್ಯ ಹೊಳೆಯಿತು. ಮನೆ ಇದ್ದದ್ದು ತಾಯಿಯ ಹೆಸರಿನಲ್ಲಿ. ಲಾಂಡ್ರಿ ಹೆಂಡತಿಯ ಹೆಸರಿನಲ್ಲಿ. ಕೆಮ್ಮುವ ಗಾಡಿ ಭಾವಮೈದುನನ ಹೆಸರಿನಲ್ಲಿ. ಒಂದೊಂದನ್ನೂ ಒಂದೊಂದು ಕಾಲದಲ್ಲಿ ಒಂದೊಂದು ಬುದ್ಧಿವಂತಿಕೆಗೆಂದು ಹಾಗೆ ಮಾಡಿಟ್ಟಿದ್ದ. ಈಗ ಎಲ್ಲ ಬುದ್ಧಿವಂತಿಕೆಗಳನ್ನೂ ಒಟ್ಟಿಗೆ ಸೇರಿಸಿ ನೋಡಿದರೆ, ಕಾಗದದ ಮೇಲೆ ಈ ಊರಿನಲ್ಲಿ ತನ್ನಷ್ಟು ಬಡವ ಇನ್ನೊಬ್ಬನಿಲ್ಲ! ತೊಟ್ಟ ಅಂಗಿ ಬಿಟ್ಟರೆ ತನ್ನದೆನ್ನುವುದು ಏನೂ ಇಲ್ಲ. ಅವನಿಗೆ ತನ್ನ ಮೇಲೆಯೇ ಮರುಕ ಹುಟ್ಟಿ ಕಣ್ಣು ತೇವವಾದವು.

ಅಡ್ಡ ಬಂದದ್ದು ಒಂದೇ ಒಂದು ಕಲಂ: ಹೆಂಡತಿಯ ಆದಾಯ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಅಲ್ಲಿ 'ಬೇರೆ ವಾಸ' ಎಂದು ಬರೆದ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು.

"ಏನ್ರೀ ಇದು, ಬೇರೆ ವಾಸ?"

"ಕಾಗದದ ಮೇಲೆ ಅಷ್ಟೇ ಕಣೇ."

"ಇಪ್ಪತ್ತೊಂದು ವರ್ಷದಲ್ಲಿ ನಾನು ಎಷ್ಟು ಸಲ ತವರಿಗೆ ಹೋಗ್ತೀನಿ ಅಂದ್ರೂ ಬಿಡದೇ ಇದ್ದೋರು, ಒಂದು ಗಾಡಿ ಸಿಗುತ್ತೆ ಅಂದ ಕೂಡ್ಲೇ ಬಿಟ್ಟೇಬಿಟ್ರಲ್ಲ!"

"ಗಾಡಿ ಬಂದ್ರೆ ನಿನ್ನನ್ನೇ ಮೊದ್ಲು ಕೂರಿಸ್ಕೊಂಡು ಹೋಗ್ತೀನಿ."

"ಗೂಡ್ಸ್ ಗಾಡೀಲಿ, ಬೆಡ್‌ಶೀಟ್ ಗಂಟಿನ ಮೇಲೆ. ಬೇಡ ಸ್ವಾಮಿ. ಅಂದ ಹಾಗೆ, ಬೇರೆ ವಾಸ ಇರೋರು ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗ್ತಾರೆ? ಅದಕ್ಕೊಂದು ಕಲಂ ಇದೆಯಾ ನೋಡಿ."

ಹೆಂಗಸರಿಗೆ ದೂರದೃಷ್ಟಿ ಇಲ್ಲ ಎಂದುಕೊಂಡು ಅವನು ಮುಂದಿನ ಪುಟ ತಿರುಗಿಸಿದ. ಅಲ್ಲಿತ್ತು ಅವನಿಗೆ ಬೇಕಾಗಿದ್ದ ಚಿನ್ನದಂಥ ಸಾಲು. ಬಾಡಿಗೆ ಮನೆಯಲ್ಲಿರುವ ಬಡವರ ಹತ್ತಿರ ವಿಳಾಸದ ದಾಖಲೆ ಇರುವುದು ಕಷ್ಟವಾದ್ದರಿಂದ ಅದನ್ನು ಒತ್ತಾಯಿಸತಕ್ಕದ್ದಲ್ಲ, ಮನೆಯಲ್ಲಿ ಬಂದು ನೋಡಿದರೆ ಸಾಕು. ಯಾರೋ ಪುಣ್ಯಾತ್ಮ ಕರುಣೆಯಿಂದ ಬರೆದ ಸಾಲು. ಅವನು ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ. ಅಂದರೆ ಕಾಗದ ಬೇಡ. ಬರುವ ದಿನ, ಬರುವ ಹೊತ್ತಿಗೆ, ಒಂದು ಬಡ ಮನೆಯಲ್ಲಿ ತಾನು ಇದ್ದರೆ ಆಯಿತು.

ಬಡ ಮನೆಗೆ ಅವನು ದೂರ ಹುಡುಕಬೇಕಾಗಿರಲಿಲ್ಲ. ಅವನ ಲಾಂಡ್ರಿಯಲ್ಲಿ ಹದಿನಾರು ವರ್ಷದಿಂದ ಒಂದೇ ಮೇಜಿನ ಹಿಂದೆ ನಿಂತುಕೊಂಡಿರುವ ಇಸ್ತ್ರಿಯವನೊಬ್ಬನಿದ್ದ. ಮಾತು ಕಡಿಮೆ, ಗೆರೆ ನೇರ. ಅವನ ಬಗ್ಗೆ ಯಜಮಾನನಿಗೆ ತಿಳಿದಿದ್ದದ್ದು ಅಷ್ಟೇ. ಅರ್ಜಿಯಲ್ಲಿ ಅವನ ಮನೆಯ ನಂಬರು ಬರೆದು, ಉದ್ಯೋಗ ಎಂಬಲ್ಲಿ 'ಬಟ್ಟೆ ಗಂಟು ಹೊರುವ ಕೂಲಿ' ಎಂದು ತುಂಬಿ ಹಾಕಿದ. ಅದು ಪೂರ್ತಿ ಸುಳ್ಳೂ ಅಲ್ಲ. ಗಾಡಿ ಏರಿನಲ್ಲಿ ನಿಂತ ದಿನ ಗಂಟು ಹೊತ್ತವನು ಯಜಮಾನನೇ. ಮೂರು ವಾರಕ್ಕೆ ಕಚೇರಿಯಿಂದ ಸಂದೇಶ ಬಂತು: ಗುರುವಾರ ಹತ್ತು ಗಂಟೆಗೆ ಮನೆ ಪರಿಶೀಲನೆ.

ಸೋಮವಾರ ಇಸ್ತ್ರಿಯವನನ್ನು ಪಕ್ಕಕ್ಕೆ ಕರೆದ.

"ನೋಡಪ್ಪಾ, ಗುರುವಾರ ನಿನಗೆ ರಜೆ. ಸಂಬಳ ಹಿಡಿಯಲ್ಲ. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಸಂಜೆ ತನಕ ಎಲ್ಲಾದ್ರೂ ಸುತ್ತಾಡ್ಕೊಂಡು ಬಾ. ನಿನ್ನ ಮನೆ ಮಾತ್ರ ಒಂದಿನ ನನಗೆ ಬೇಕು."

"ನಮ್ಮ ಮನೆನಾ ಯಜಮಾನ್ರೇ? ಯಾಕೆ?"

"ಡಾಕ್ಟ್ರು ಹೇಳಿದ್ದಾರೆ. ಬೀಪಿ. ಸಣ್ಣ ಜಾಗದಲ್ಲಿ, ಸದ್ದಿಲ್ಲದೆ, ಒಬ್ಬನೇ ಕೂತಿರಬೇಕಂತೆ."

"ನಮ್ಮ ಮನೆ ಸಣ್ಣದಿದೆ, ನಿಜ. ಸದ್ದು ಮಾತ್ರ..."

"ನೀವ್ಯಾರೂ ಇರಲ್ಲವಲ್ಲ."

"ಹಾಗಾದ್ರೆ ಸರಿಹೋಗುತ್ತೆ," ಎಂದ ಇಸ್ತ್ರಿಯವನು. ಒಂದು ಕ್ಷಣ ನಿಂತು ಮತ್ತೆ ಕೇಳಿದ, "ಗುರುವಾರಾನೇ ತಾನೇ ಯಜಮಾನ್ರೇ?"

"ಗುರುವಾರಾನೇ."

ಇಸ್ತ್ರಿಯವನ ಮುಖ ಊರಗಲವಾಯಿತು. ಹದಿನಾರು ವರ್ಷದಲ್ಲಿ ಅವನು ಅಷ್ಟು ಹಲ್ಲು ತೋರಿಸಿ ನಕ್ಕದ್ದನ್ನು ಯಜಮಾನ ನೋಡಿರಲಿಲ್ಲ. ಪಾಪ, ಒಂದು ದಿನದ ರಜೆಗೆ ಎಷ್ಟು ಸಂತೋಷಪಡುತ್ತಾನೆ! ತಾನು ಒಳ್ಳೆಯ ಯಜಮಾನ ಎಂದು ಅವನಿಗೆ ಅನ್ನಿಸಿತು. ಒಂದೇ ಕೆಲಸದಲ್ಲಿ ಅಪರಾಧವೂ ಆಯಿತು, ಉಪಕಾರವೂ ಆಯಿತು.

ಹವ್ಯಾಸಿ ಕಳ್ಳರು ಎಡವುವುದು ಸಣ್ಣ ಸಣ್ಣ ವಿಷಯಗಳಲ್ಲಿ ಎನ್ನುವುದು ಅವನಿಗೆ ಗೊತ್ತಿತ್ತು. ಆದ್ದರಿಂದ ಬುಧವಾರ ಸಂಜೆ ಒಂದು ನೋಟ್‌ಬುಕ್ ಹಿಡಿದು ಮನೆ ಕಲಿಯಲು ಹೋದ. ಒಂದೇ ಕೋಣೆ, ಅದರ ಮೂಲೆಗೆ ಪರದೆ ಕಟ್ಟಿದರೆ ಅಡುಗೆಮನೆ. ಇಸ್ತ್ರಿಯವನ ಹೆಂಡತಿ ಒಂದೊಂದನ್ನೂ ತೋರಿಸಿ ಹೇಳಿದಳು. ನಲ್ಲಿಯನ್ನು ಎಡಕ್ಕೆ ಒತ್ತಿ ಹಿಡಿದು ತಿರುಗಿಸಬೇಕು. ಸಕ್ಕರೆ ಇರುವುದು ಉಪ್ಪು ಎಂದು ಬರೆದ ಡಬ್ಬಿಯಲ್ಲಿ, ಮಕ್ಕಳು ಕದಿಯಬಾರದೆಂದು. ಮರದ ಸ್ಟೂಲಿನ ಒಂದು ಕಾಲು ಮೋಸ. ಲೈಟಿನ ಸ್ವಿಚ್ಚನ್ನು ಕೈಯಲ್ಲಿ ಮುಟ್ಟಬಾರದು, ಹೊಡೆಯುತ್ತದೆ. ಬಾಗಿಲ ಹಿಂದಿನ ಕೋಲಿನಿಂದ ಒತ್ತಬೇಕು.

"ಬರೀ ಕೂತ್ಕೊಳ್ಳೋದಕ್ಕೆ ಇಷ್ಟೆಲ್ಲ ಯಾಕೆ ಯಜಮಾನ್ರೇ?" ಎಂದಳು ಆಕೆ.

"ಏನು ಎಲ್ಲಿದೆ ಅಂತ ಗೊತ್ತಿಲ್ದಿದ್ರೆ ನನಗೆ ಬೀಪಿ ಏರುತ್ತಮ್ಮಾ."

ಇನ್ನು ಉಳಿದದ್ದು ಪಕ್ಕದ ಮನೆಯ ಅಜ್ಜಿ. ದಿನವಿಡೀ ಹೊಸ್ತಿಲ ಮೇಲೆ ಕೂತು ಬೀದಿಗೆಲ್ಲ ಲೆಕ್ಕ ಒಪ್ಪಿಸುವ ಬಾಯಿ ಅದು. ಅವಳ ಕಂಬಳಿಗಳನ್ನು ಲಾಂಡ್ರಿಯಲ್ಲಿ ಬಿಟ್ಟಿಯಾಗಿ ಒಗೆಸಿಕೊಡುತ್ತೇನೆಂದ. ಅವನ ಊಹೆ ತಪ್ಪಲಿಲ್ಲ. ಗುರುವಾರ ಬೆಳಿಗ್ಗೆ ಕಂಬಳಿ ಒಯ್ಯಲು ಆಳು ಬಂದಾಗ ಅಜ್ಜಿ, "ನನ್ನ ಕಂಬಳಿ ಬದಲಾಯಿಸಿ ಬೇರೆಯವರದ್ದು ಕೊಟ್ರೆ?" ಎಂದು ಕಂಬಳಿಯ ಜೊತೆಗೆ ತಾನೂ ಗಾಡಿ ಹತ್ತಿಬಿಟ್ಟಳು. ಒಣಗುವವರೆಗೂ ಅಲ್ಲಿಂದ ಏಳುವವಳಲ್ಲ.

ವೇಷದ ವಿಚಾರದಲ್ಲಿ ಮಾತ್ರ ಅವನು ಸೋತುಹೋಗುವುದರಲ್ಲಿದ್ದ. ಲಾಂಡ್ರಿಯಲ್ಲಿ ಯಾರೂ ಬಂದು ಕೇಳದ ಹಳೆ ಅಂಗಿಗಳ ರಾಶಿಯೇ ಇತ್ತು. ಅದರಲ್ಲಿ ಕಾಲರು ಸವೆದದ್ದೊಂದನ್ನು ಆರಿಸಿದ. ಆದರೆ ಅದು ಇಸ್ತ್ರಿಯವನ ಕೈಯಲ್ಲಿ ಹಾದು ಬಂದ ಅಂಗಿ. ತೋಳಿನ ಗೆರೆ ಚಾಕುವಿನಂತಿತ್ತು. ಬಡವನ ಅಂಗಿಗೆ ಅಂಥ ಗೆರೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ? ಅದನ್ನು ಮುದ್ದೆ ಮಾಡಿ ರಾತ್ರಿಯೆಲ್ಲ ತಲೆದಿಂಬಿನ ಕೆಳಗಿಟ್ಟ. ಬೆಳಿಗ್ಗೆ ತೊಟ್ಟರೆ ಗೆರೆ ಹಾಗೆಯೇ ನಿಂತಿತ್ತು. ನೀರು ಚಿಮುಕಿಸಿ, ಹಿಂಡಿ, ಅದರ ಮೇಲೆ ಕೂತು, ಕೊನೆಗೊಮ್ಮೆ ತುಳಿದ ಮೇಲೆ ಗೆರೆ ಸೋಲೊಪ್ಪಿಕೊಂಡಿತು. ಹದಿನಾರು ವರ್ಷದ ಕೆಲಸದಲ್ಲಿ ಇಸ್ತ್ರಿಯವನ ಮೇಲೆ ಅವನಿಗೆ ಸಿಟ್ಟು ಬಂದದ್ದು ಅದೇ ಮೊದಲ ಸಲ.

ಹತ್ತು ಗಂಟೆಗೆ ಸರಿಯಾಗಿ ನಗರಸಭೆಯ ಮೇಡಂ ಬಂದರು. ಐವತ್ತರ ಆಸುಪಾಸು, ಹೆಗಲಿಗೊಂದು ಉಬ್ಬಿದ ಬ್ಯಾಗು, ಕಿವಿಯ ಮೇಲೊಂದು ಪೆನ್ಸಿಲ್, ಮನೆ ಮನೆ ಸುತ್ತಿ ಹಿಮ್ಮಡಿ ಸವೆದ ಚಪ್ಪಲಿ. ಇಂಥವರನ್ನು ಕಂಡರೆ ಅವನಿಗೆ ಧೈರ್ಯ. ದಣಿದವರು ಜಾಸ್ತಿ ಕೇಳುವುದಿಲ್ಲ.

"ಬನ್ನಿ ಮೇಡಂ, ಬನ್ನಿ. ಬಡವರ ಮನೆ. ಕೂತ್ಕೊಳ್ಳಿ."

ಸ್ಟೂಲಿನ ಕಾಲಿನ ವಿಷಯ ಹೇಳಿ ತನ್ನ ಅನುಭವ ತೋರಿಸಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ, ಮೇಡಂ ಸ್ಟೂಲನ್ನು ಬಿಟ್ಟು ಗೋಡೆಯ ಪಕ್ಕದ ಟ್ರಂಕಿನ ಮೇಲೆ ಕೂತರು. ಸ್ವಲ್ಪ ನಿರಾಸೆಯಾಯಿತು.

"ಎಷ್ಟು ವರ್ಷದಿಂದ ಇದ್ದೀರಿ ಇಲ್ಲಿ?"

"ಹನ್ನೊಂದು ವರ್ಷ ಮೇಡಂ."

"ಹನ್ನೊಂದು ವರ್ಷ," ಎಂದು ಅವರು ಬರೆದುಕೊಂಡರು. "ಯಾರ್‍ಯಾರು ಇದ್ದೀರಿ?"

"ನಾನು, ನನ್ನ ತಂಗಿ, ಅವಳ ಇಬ್ಬರು ಹೆಣ್ಮಕ್ಕಳು. ಹೆಂಡ್ತಿ ಬೇರೆ ವಾಸ." ಇಲ್ಲಿ ಒಂದು ನಿಟ್ಟುಸಿರು. ಮನೆಯಲ್ಲಿ ಕನ್ನಡಿಯ ಮುಂದೆ ಏಳು ಸಲ ಅಭ್ಯಾಸ ಮಾಡಿದ್ದು.

"ಅಯ್ಯೋ ಪಾಪ. ಯಾಕೆ?"

"ಬಡತನ ಮೇಡಂ."

ಮೇಡಂ ಪೆನ್ಸಿಲ್ಲಿನ ತುದಿ ನೋಡಿಕೊಂಡರು. ಅವರ ಬಾಯಿಯ ಮೂಲೆ ಒಂದು ಸಲ ಅಲುಗಿತು. ಕರುಳು ಕಿವುಚಿರಬೇಕು ಎಂದುಕೊಂಡ.

"ತಂಗಿ ಮಕ್ಕಳು ಯಾವ ಕ್ಲಾಸು?"

"ದೊಡ್ಡವಳು ಏಳು, ಚಿಕ್ಕವಳು ನಾಲ್ಕು." ಇದೂ ನೋಟ್‌ಬುಕ್ಕಿನಲ್ಲಿತ್ತು. "ಚಿಕ್ಕವಳಿಗೆ ಲೆಕ್ಕ ಹತ್ತಲ್ಲ, ಆದ್ರೆ ಚಿತ್ರ ಚೆನ್ನಾಗಿ ಬರೀತಾಳೆ."

"ಹೌದು ಹೌದು," ಎಂದರು ಮೇಡಂ. ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ನೋಡಿ ಹೇಳಿರಬೇಕು.

"ಸ್ವಲ್ಪ ಕತ್ತಲೆಯಿದೆ," ಎಂದು ಎದ್ದು, ಬಾಗಿಲ ಹಿಂದೆ ಕೈ ಹಾಕಿ, ಕೋಲು ತೆಗೆದು, ಸ್ವಿಚ್ಚಿನ ತಲೆಗೊಂದು ಕುಟ್ಟಿದರು. ಲೈಟು ಹತ್ತಿತು. ನೂರಾರು ಬಡ ಮನೆ ಸುತ್ತಿದವರಿಗೆ ಸ್ವಿಚ್ಚಿನ ಮುಖ ನೋಡಿದರೇ ಗೊತ್ತಾಗುತ್ತದೇನೋ! ಅವನಿಗೆ ಆ ಅನುಭವದ ಮೇಲೆ ಗೌರವ ಹುಟ್ಟಿತು.

ಮುಂದಿನ ಪ್ರಶ್ನೆಗಳಿಗೂ ಉತ್ತರ ಸಿದ್ಧವಿತ್ತು. ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಮುಂದಿನ ಜಗಲಿಯ ಪಕ್ಕ. ಚಾರ್ಜಿಗೆ? ಈ ಕಿಟಕಿಯಿಂದ ವೈರು ಎಳೆದರೆ ಸರಿಯಾಗಿ ಎಂಟು ಅಡಿ, ಅಳೆದಿದ್ದೇನೆ. ನೀರು ಕೇಳಿದರು, ನಲ್ಲಿಯನ್ನು ಎಡಕ್ಕೆ ಒತ್ತಿ ಹಿಡಿದು ತಂದುಕೊಟ್ಟ. ಟೀಗೆ ಸಕ್ಕರೆಯನ್ನು ಉಪ್ಪಿನ ಡಬ್ಬಿಯಿಂದಲೇ ತೆಗೆದು, "ಮಕ್ಕಳ ಕಾಟ ಮೇಡಂ" ಎಂದು ಸೇರಿಸಿದ. ಪರೀಕ್ಷೆಗೆ ಓದಿದ್ದೆಲ್ಲ ಪ್ರಶ್ನೆಪತ್ರಿಕೆಯಲ್ಲಿ ಬಂದ ಹುಡುಗನ ಹಾಗೆ ಅವನು ಅರಳಿದ್ದ.

ಒಂದೇ ಒಂದು ಕಡೆ ಕೈ ಜಾರಿತು. ಮಾತಿನ ಭರದಲ್ಲಿ, ಮಂಚದ ಮೇಲೆ ರಾಶಿ ಬಿದ್ದಿದ್ದ ಒಣಬಟ್ಟೆಗೆ ಅವನ ಕೈ ತಾನಾಗಿಯೇ ಹೋಗಿತ್ತು. ನೋಡುತ್ತಾನೆ, ಮಕ್ಕಳ ಲಂಗ, ಟವೆಲು, ಸೀರೆ ಎಲ್ಲವೂ ಅಂಚಿಗೆ ಅಂಚು ಕೂಡಿಸಿ, ದೊಡ್ಡ ಹೋಟೆಲಿನ ಕಪಾಟಿನಲ್ಲಿಡುವ ಹಾಗೆ ಪೇರಿಸಿಯಾಗಿದೆ!

"ಬಟ್ಟೆ ಬಹಳ ಚೆನ್ನಾಗಿ ಮಡಚ್ತೀರಿ," ಎಂದರು ಮೇಡಂ.

"ಬಡವರಿಗೆ ಜಾಗ ಕಮ್ಮಿ ಮೇಡಂ. ಚೆನ್ನಾಗಿ ಮಡಚಲೇಬೇಕು."

ಆ ಉತ್ತರಕ್ಕೆ ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ. ಮೇಡಂ ಪರಿಶೀಲನೆಯ ಹಾಳೆ ಮುಂದಿಟ್ಟರು. "ನಾನು ಹೇಳಿದ್ದೆಲ್ಲ ನಿಜ ಅಂತ ಇಲ್ಲೊಂದು ಸಹಿ ಹಾಕಿ." ಅವನು ಹಾಕಿದ. ಅವನ ಸಹಿ ಎಂದರೆ ಸಾಮಾನ್ಯವಲ್ಲ. ಓಡುವ ಕುದುರೆಯ ಬಾಲದ ಹಾಗೆ ಎದ್ದು, ಒಂದು ಸುತ್ತು ಸುತ್ತಿ, ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಮೇಡಂ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಒಂದು ಸಲ ನೋಡಿದ್ರೆ ಮರೆಯೋ ಹಾಗಿಲ್ಲ," ಎಂದರು.

"ಎಲ್ಲರೂ ಹಾಗೇ ಅಂತಾರೆ ಮೇಡಂ."

ಮುಗಿಯಿತು. ಅವರು ಬ್ಯಾಗು ಹೆಗಲಿಗೇರಿಸಿ ಎದ್ದರು. ಅವನ ಮನಸ್ಸು ಆಗಲೇ ಆಸ್ಪತ್ರೆಯ ಏರಿನಲ್ಲಿತ್ತು. ತರಕಾರಿಯಮ್ಮನ ಪಕ್ಕಕ್ಕೆ ಸದ್ದಿಲ್ಲದೆ ಹೋಗಿ, ಕತ್ತು ಚಾಚಿ ಏನು ಹೇಳಬೇಕೆಂದು ಎರಡು ಮೂರು ಮಾತು ಆರಿಸಿಟ್ಟುಕೊಂಡಿದ್ದ. ಬಾಗಿಲ ಹತ್ತಿರ ಮೇಡಂ ನಿಂತರು.

"ಈ ಕೊಡೆ ಯಾರದು?"

ಮೊಳೆಗೆ ಕಪ್ಪು ಕೊಡೆಯೊಂದು ನೇತಾಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದಿರಲಿಲ್ಲ. ಆದರೆ ಆ ಹೊತ್ತಿಗೆ ಅವನಿಗೆ ನೋಟ್‌ಬುಕ್ಕಿನ ಹಂಗೂ ಇರಲಿಲ್ಲ.

"ನಮ್ಮಪ್ಪಂದು ಮೇಡಂ," ಎಂದ. ಶುರು ಮಾಡಿದ ಮೇಲೆ ಮಾತು ತಾನಾಗಿ ಹರಿಯಿತು. "ಇದೊಂದೇ ನಮಗೆ ಅಂತ ಬಿಟ್ಟು ಹೋಗಿದ್ದು. ಎಂಥಾ ಮಳೇಲೂ ಬಿಚ್ಚುತ್ತಿರಲಿಲ್ಲ. 'ನೆಂದ್ರೆ ಹಾಳಾಗುತ್ತೆ' ಅಂತ ಕಂಕುಳಲ್ಲಿಟ್ಕೊಂಡು ತಾನೇ ನೆನೆಯೋನು. ಅದರಿಂದ್ಲೇ ಜ್ವರ ಬಂತು. ಅದರಲ್ಲೇ ಹೋದ." ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವನ ಅಪ್ಪ ಆ ಹೊತ್ತಿನಲ್ಲಿ ತಮ್ಮ ಮನೆಯ ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದ.

ಮೇಡಂ ಕೊಡೆಯನ್ನು ಮೊಳೆಯಿಂದ ಇಳಿಸಿ, ಹಿಡಿಯ ಗುಂಡಿ ಒತ್ತಿದರು. ಕೊಡೆ ಫಟ್ಟೆಂದು ಬಿಚ್ಚಿಕೊಂಡಿತು. ಒಳಬದಿಯಲ್ಲಿ ಬಿಳಿ ಬಣ್ಣದಲ್ಲಿ 'ನಗರಸಭೆ, ಎರಡನೇ ಮಹಡಿ' ಎಂದು ಬರೆದಿತ್ತು.

"ಹೋದ ತಿಂಗಳು ಈ ಮನೆ ನೋಡೋದಕ್ಕೆ ಬಂದಾಗ ಬಿಟ್ಟು ಹೋಗಿದ್ದೆ," ಎಂದರು. "ಆಗ ಇಲ್ಲಿ ಇಸ್ತ್ರಿ ಕೆಲಸದವರು, ಅವರ ಹೆಂಡ್ತಿ, ಇಬ್ಬರು ಹೆಣ್ಮಕ್ಕಳು ಇದ್ರು. ಅವರಿಗೆ ಗಾಡಿ ಮಂಜೂರಾಗಿದೆ. ಬೆಳಿಗ್ಗೆ ಸಂಜೆ ಮಾಲು ಸಾಗಿಸ್ಕೊಂಡು ಮಕ್ಕಳನ್ನ ಓದಿಸ್ತೀನಿ ಅಂದ್ರು. ಇವತ್ತು ಅವರಿಗೆ ಓಡಿಸೋ ತರಬೇತಿ. ರಜೆ ಹೇಗೆ ಕೇಳೋದು ಅಂತ ಒದ್ದಾಡ್ತಿದ್ರಂತೆ, ಯಜಮಾನರು ತಾವಾಗೇ ಕೊಟ್ಟುಬಿಟ್ರಂತೆ. ಅದೇ ಮನೆಯಿಂದ ಇನ್ನೊಂದು ಅರ್ಜಿ ಬಂದಾಗ ನಮಗೂ ಆಶ್ಚರ್ಯ ಆಯ್ತು. ಒಂದು ಮನೆಗೆ ಒಂದೇ ಗಾಡಿ. ಯಾರದ್ದು ನಿಜ ಅಂತ ನೋಡಬೇಕಲ್ಲ."

ಅವನ ಕಿವಿಯಲ್ಲಿ ಹಳೆ ಗಾಡಿಯ ಎಂಜಿನ್ ಸದ್ದು ಮಾಡತೊಡಗಿತು. ಬಡವರ ಗಾಡಿಗೆ ಬಡವನೊಬ್ಬ ಅರ್ಜಿ ಹಾಕಬಹುದು ಎನ್ನುವುದು ಅವನ ತಲೆಗೆ ಒಂದು ಸಲವೂ ಹೋಗಿರಲಿಲ್ಲ. ಆದರೂ ಅವನು ಗಾಬರಿಯಾಗಲಿಲ್ಲ. ಲಾಂಡ್ರಿ ಉಳಿಯಬೇಕಾದರೆ ಈಗ ತಲೆ ಓಡಬೇಕು. ಓಡಿತು. ಇಸ್ತ್ರಿಯವನದೂ ಬಾಯಿಮಾತು, ತನ್ನದೂ ಬಾಯಿಮಾತು. ವಿಳಾಸಕ್ಕೆ ದಾಖಲೆ ಯಾರ ಹತ್ತಿರವೂ ಇಲ್ಲ. ಆ ಸಾಲಿಗೆ ಕೆಂಪು ಗೆರೆ ಎಳೆದವನೇ ತಾನು. ಹದಿನಾರು ವರ್ಷ ತನ್ನ ಮೇಜಿನ ಹಿಂದೆ ನಿಂತವನ ಮುಖ ಒಂದು ಕ್ಷಣ ಕಣ್ಣ ಮುಂದೆ ಬಂತು. ಅದನ್ನು ಪಕ್ಕಕ್ಕೆ ಸರಿಸಿದ.

"ಮೋಸ ಮೇಡಂ," ಎಂದ, ಎದೆಯ ಮೇಲೆ ಕೈಯಿಟ್ಟು. "ನಾವು ಹೊರಗೆ ಹೋದ ಹೊತ್ತು ನೋಡಿ ಯಾರೋ ಒಳಗೆ ಬಂದು ಕೂತಿರಬೇಕು. ಇಂಥ ಕಾಲ ಬಂತು ನೋಡಿ. ಇಸ್ತ್ರಿಯವನೂ ಗೊತ್ತಿಲ್ಲ, ಲಾಂಡ್ರಿಯೂ ಗೊತ್ತಿಲ್ಲ. ಆ ಮನುಷ್ಯನ್ನ ನಾನು ಜನ್ಮದಲ್ಲಿ ನೋಡಿಲ್ಲ. ಅವನು ಇಲ್ಲಿರ್ತಾನೆ ಅನ್ನೋದಕ್ಕೆ ಒಂದು ಚೂರು ಕಾಗದ ಇದ್ರೆ ತೋರಿಸ್ಲಿ."

ಮೇಡಂ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು, ಬ್ಯಾಗಿನಿಂದ ಇಸ್ತ್ರಿಯವನ ಅರ್ಜಿ ತೆಗೆದು, ಕೊನೆಯ ಹಾಳೆಯನ್ನು ಅವನ ಮುಂದೆ ಹಿಡಿದರು. ಸಂಬಳಕ್ಕೆ ದುಡಿಯುವವರು ಯಜಮಾನರಿಂದ ಬರೆಸಿ ತರಬೇಕಾದ ಹಾಳೆ ಅದು. ಈ ವ್ಯಕ್ತಿ ಹದಿನಾರು ವರ್ಷದಿಂದ ನನ್ನಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ಈ ಮನೆಯಲ್ಲೇ ವಾಸವಾಗಿದ್ದಾನೆ, ನಂಬಿಗಸ್ತ. ಕೆಳಗೆ 'ಲಾಂಡ್ರಿ ಮಾಲೀಕರು' ಎಂದು ಅಚ್ಚಾದ ಕಡೆ, ನೀಲಿ ಶಾಯಿಯಲ್ಲಿ, ಓಡುವ ಕುದುರೆಯ ಬಾಲ, ಒಂದು ಸುತ್ತು, ಎರಡು ಗೆರೆ, ಎರಡು ಚುಕ್ಕೆ. ಈಗ ನೆನಪಾಯಿತು. ಆಸ್ಪತ್ರೆಯ ಬಟ್ಟೆ ಸೊಂಟದ ಮಟ್ಟಕ್ಕೆ ಬಿದ್ದಿದ್ದ ಒಂದು ಸೋಮವಾರ, ಇಸ್ತ್ರಿಯವನು ಹಾಳೆ ಹಿಡಿದು ಬಂದು, "ಇಲ್ಲೊಂದು ಸಹಿ ಯಜಮಾನ್ರೇ" ಎಂದಿದ್ದ. ಗಂಜಿ ಪುಡಿ ತರಿಸುವ ಚೀಟಿಯೆಂದುಕೊಂಡು, ಕೆಲಸದವರು ತಂದ ಕಾಗದವನ್ನು ಎಂದೂ ಓದಿ ನೋಡದ ಯಜಮಾನ, ಅವನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದ್ದ; ಲಾಂಡ್ರಿಯ ಸೀಲನ್ನೂ ತಾನೇ ಒತ್ತಿ, ಅದು ಮಸುಕಾಗಿ ಬಂತೆಂದು ಇಂಕಿಗೆ ಅದ್ದಿ ಇನ್ನೊಂದು ಸಲ ಒತ್ತಿ ಕೊಟ್ಟಿದ್ದ.